ಸಹಾಯ ಬೇಕು: ಸಂಜೆ ಬೀದಿ ಫೋಟೋ ಎಲ್ಲಾ ಶೇಕ್ ಆಗ್ತಿದೆ

ನಮಸ್ಕಾರ ಎಲ್ರಿಗೂ, ನಾನಿರೋದು ಮುಂಬೈ ಮಾಟುಂಗಾದಲ್ಲಿ, ಕ್ಯಾಮೆರಾ ತಗೊಂಡು 6 ತಿಂಗಳು ಆಯ್ತಷ್ಟೇ. ಈಗ ಅಕ್ಟೋಬರ್ ಅಲ್ವಾ, ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಿದೆ (ಸೆಕೆ ಮಾತ್ರ ಕೇಳ್ಬೇಡಿ), ಆರೂಕಾಲಕ್ಕೆ ಸೂರ್ಯ ಮುಳುಗಿದ್ಮೇಲೆ ಒಂದು 20 ನಿಮಿಷ ನೀಲಿ ಬೆಳಕು ಸಿಗುತ್ತಲ್ಲ, ಅದ್ರಲ್ಲಿ ದಾದರ್ ಹೂವಿನ ಮಾರ್ಕೆಟ್, ಮಾಹಿಮ್ ಕಂದೀಲ್ ಗಲ್ಲಿ ಎಲ್ಲಾ ಹಿಡೀಬೇಕು ಅಂತ ಆಸೆ.

ನಿನ್ನೆ ದಾದರ್‌ನಲ್ಲಿ ಒಬ್ರು ಅಜ್ಜಿ ಮೊಳ ಹಾಕಿ ಚೆಂಡುಹೂ ಸರ ಅಳೀತಿದ್ರು, 50 ಎಂಎಂ ಲೆನ್ಸು, ಎಫ್ 1.8 (ಲೆನ್ಸ್ ಬಾಯಿ ಚೆನ್ನಾಗಿ ತೆರೆದು), ಶಟರ್ 1/30 ಸೆಕೆಂಡು, ಮುಖ ಚೆನ್ನಾಗೇ ಬಂತು ಆದ್ರೆ ಕೈ ಪೂರ್ತಿ ಕಲಸಿದ ಹಾಗೆ. ಐಎಸ್‌ಓ (ಕಮ್ಮಿ ಬೆಳಕಲ್ಲೂ ಫೋಟೋ ಬೆಳ್ಳಗೆ ಮಾಡೋ ಸೆಟ್ಟಿಂಗು) 6400 ಮಾಡಿದ್ರೆ ರವೆ ಚೆಲ್ಲಿದಂಗೆ ಕಾಣುತ್ತೆ. ಆ ರಶ್‌ನಲ್ಲಿ ಟ್ರೈಪಾಡ್ ಇಟ್ರೆ ಬೈಸ್ಕೊಳೋದೇ.

ಇನ್ನೊಂದು, ಸೈಲೆಂಟ್ ಮೋಡ್‌ನಲ್ಲಿ ತೆಗೆದ್ರೆ ಎಲ್‌ಇಡಿ ಅಂಗಡಿ ಮುಂದೆ ಅಡ್ಡಡ್ಡ ಪಟ್ಟೆ ಬರ್ತಿದೆ. ನಮ್ ಕರೆಂಟು 50 ಹರ್ಟ್ಸ್, ಲೈಟು ಅದರ ತಾಳಕ್ಕೇ ಮಿಣುಕುತ್ತೆ, ಆದ್ರಿಂದ ಶಟರ್ 1/50 ಇಲ್ಲಾ 1/100 ಇಡು ಅಂದ್ರು ಫ್ರೆಂಡು, ಪಟ್ಟೆ ಕಮ್ಮಿ ಆಯ್ತು, ಆದ್ರೆ 1/100ಕ್ಕೆ ಫೋಟೋ ಕತ್ತಲೆ. ಕತ್ತಲೆಯಾಗೇ ತೆಗೆದು ಆಮೇಲೆ ಎಡಿಟ್‌ನಲ್ಲಿ ಎತ್ತೋದಾ, ಐಎಸ್‌ಓನೇ ಏರಿಸೋದಾ?

ಮತ್ತೆ "ಆಜಿ, ಫೋಟೋ ಕಾಢೂ ಕಾ" ಅಂತ ಕೇಳಿದ ತಕ್ಷಣ ಅಜ್ಜಿ ಸೆರಗು ಸರಿಮಾಡ್ಕೊಂಡು ಪಾಸ್‌ಪೋರ್ಟ್ ಫೋಟೋ ಥರ ಕೂತುಬಿಟ್ರು, ಕೇಳದೆ ತೆಗಿಯೋಕೆ ಮನಸ್ಸು ಬರಲ್ಲ, ನೀವೆಲ್ಲ ಏನ್ ಮಾಡ್ತೀರಾ? ಗೊತ್ತಿರೋರು ಹೇಳಿ ಪ್ಲೀಸ್, ಶನಿವಾರ ಮತ್ತೆ ಹೋಗ್ತಿದೀನಿ.