ಪ್ರೌಢಶಾಲೆಯ ವಾರ್ಷಿಕ ಗುರಿ: ‘ಶೇ. 100 ಫಲಿತಾಂಶ’ ಎಂದು ಬರೆದರೆ ಸಾಕೇ?

ಪ್ರಶ್ನೆ | ವಿಜ್ಞಾನ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾಲ್ಕು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಮುಂದಿನ ವರ್ಷದ ಶಾಲಾ ಯೋಜನೆ ಬರೆಯುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಹಳೆಯ ಮೂರು ಯೋಜನೆಗಳನ್ನು ತೆಗೆದು ನೋಡಿದೆ. ಮೂರರಲ್ಲೂ ಮೊದಲ ಸಾಲು ಒಂದೇ: ‘ಶೇ. 100 ಫಲಿತಾಂಶ ಸಾಧಿಸುವುದು’. ಅದರ ಕೆಳಗೆ ಸಂಜೆಯ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ, ಪೋಷಕರ ಸಭೆ. ಇವೆಲ್ಲ ಬರೀ ಕಾಗದದ ಮೇಲೆ ಉಳಿದವಲ್ಲ, ನಡೆದಿವೆ. ಸಹೋದ್ಯೋಗಿಗಳು ಕತ್ತಲಾಗುವವರೆಗೆ ನಿಂತು ಪಾಠ ಮಾಡಿದ್ದಾರೆ. ಆದರೂ ಪ್ರತಿ ವರ್ಷ ಅದೇ ವಿಷಯಗಳಲ್ಲಿ, ಸುಮಾರು ಅಷ್ಟೇ ಮಕ್ಕಳು ಹಿಂದೆ ಬೀಳುತ್ತಾರೆ. ಗುರಿ ಎಂದು ಏನು ಬರೆಯಬೇಕು? ಯಾವುದರಿಂದ ನಿಜಕ್ಕೂ ಪ್ರಯೋಜನವಾಗಿದೆ? ಅನುಭವವಿದ್ದವರು ದಯವಿಟ್ಟು ಹೇಳಿ.

ಉತ್ತರ 1 | ನಿವೃತ್ತ ಮುಖ್ಯೋಪಾಧ್ಯಾಯಿನಿ

ಸರ್, ಮೊದಲು ಆ ಮೊದಲ ಸಾಲನ್ನು ಬದಲಿಸಿ. ಫಲಿತಾಂಶ ವರ್ಷದ ಕೊನೆಗೆ ಬರುವ ಸುದ್ದಿ. ನಾಳೆ ಬೆಳಗ್ಗೆ ಗಂಟೆ ಹೊಡೆದಾಗ ಯಾರು ಏನು ಮಾಡಬೇಕು ಎಂಬುದು ಅದರಲ್ಲಿಲ್ಲ.

ನಾನು ಹನ್ನೊಂದು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಮೊದಲ ಎರಡು ವರ್ಷ ನಾನೂ ನಿಮ್ಮ ಹಳೆಯ ಯೋಜನೆಗಳಂತೆಯೇ ಬರೆದೆ. ಫಲಿತಾಂಶ ಏರಿಸಲು ಪಾಸಿನ ಗೆರೆಯ ಆಚೀಚೆ ಇರುವ ಹದಿನೈದು ಮಕ್ಕಳನ್ನು ಆರಿಸಿ ಅವರಿಗೇ ವಿಶೇಷ ತರಗತಿ ಮಾಡಿಸಿದೆ. ಅಂಕಿ ಏರಿತು. ಆದರೆ ಗೆರೆಗಿಂತ ಬಹಳ ಕೆಳಗಿದ್ದವರನ್ನು ಆ ವರ್ಷ ಯಾರೂ ಹತ್ತಿರ ಕೂರಿಸಿಕೊಂಡು ಓದಿಸಲಿಲ್ಲ. ಅವರಲ್ಲಿ ಒಬ್ಬಳು ಬೀಳ್ಕೊಡುಗೆಯ ದಿನ ಬಂದು, ‘ಮೇಡಂ, ನಮ್ಮ ಹೆಸರು ಪಟ್ಟಿಯಲ್ಲಿ ಯಾಕಿರಲಿಲ್ಲ?’ ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ ತಪ್ಪು ನನ್ನದು, ಇಂದಿಗೂ ಮನಸ್ಸಿನಲ್ಲಿ ಕೊರೆಯುತ್ತದೆ. ಒಂದೇ ಒಂದು ಅಂಕಿಯನ್ನು ಗುರಿ ಮಾಡಿಕೊಂಡರೆ ಶಾಲೆ ಆ ಅಂಕಿಗಾಗಿ ದುಡಿಯುತ್ತದೆ, ಮಕ್ಕಳಿಗಾಗಿ ಅಲ್ಲ.

ಮೂರನೆಯ ವರ್ಷ ಹಾಜರಾತಿ ಪುಸ್ತಕದಿಂದ ಶುರುಮಾಡಿದೆವು. ಅಮೆರಿಕದಲ್ಲಿ ಶಾಲೆಯ ದಿನಗಳಲ್ಲಿ ಶೇ. 10ರಷ್ಟು ತಪ್ಪಿಸಿಕೊಂಡ ಮಗುವನ್ನು ಸಾಮಾನ್ಯವಾಗಿ ದೀರ್ಘ ಗೈರಿನ ಲೆಕ್ಕಕ್ಕೆ ಸೇರಿಸುತ್ತಾರೆ. 180 ದಿನ ನಡೆಯುವ ಶಾಲೆಯಲ್ಲಿ ಅದು 18 ದಿನ, ಅಂದರೆ ತಿಂಗಳಿಗೆ ಎರಡೇ ದಿನ! ಎರಡು ದಿನವೆಂದರೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಪ್ರತಿ ಹುಡುಗನ ಹೆಸರಿನ ಮುಂದೆ ಬೆರಳಿಟ್ಟು ಸಾಲು ಹಿಡಿದು ಓದಿಕೊಂಡು ಹೋದಾಗ, ಒಬ್ಬನಿಗೆ ಗುರುವಾರಗಳಲ್ಲೇ ‘ಗೈ’ ಬಿದ್ದಿರುವುದು ಕಂಡಿತು. ಗುರುವಾರ ಮೊದಲ ಎರಡು ಅವಧಿಯೂ ಗಣಿತ. ಕರಿಹಲಗೆಯ ಮುಂದೆ ನಿಲ್ಲಿಸುತ್ತಾರೆಂಬ ಹೆದರಿಕೆಗೆ ಅವನು ಬರುತ್ತಲೇ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಸಂಜೆಯ ತರಗತಿಯಲ್ಲ, ತಪ್ಪು ಮಾಡಿದರೂ ಅವಮಾನವಾಗದ ಬೆಳಗು. ಗಣಿತದ ಶಿಕ್ಷಕರು ಒಂದು ತಿಂಗಳು ಅವನಿಗೆ ಕುಳಿತಲ್ಲೇ ಲೆಕ್ಕ ಮಾಡಲು ಬಿಟ್ಟರು. ಗುರುವಾರದ ಗೈರು ನಿಂತಿತು.

ಇನ್ನೊಂದು ವಿಷಯ. ಎಲ್ಲ ಶಕ್ತಿಯನ್ನೂ ಕೊನೆಯ ತರಗತಿಗೇ ಸುರಿಯಬೇಡಿ. ಶಿಕಾಗೋದ ಸಾರ್ವಜನಿಕ ಪ್ರೌಢಶಾಲೆಗಳ ಕುರಿತು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಒಂದು ವರದಿ ಪ್ರಕಟಿಸಿದರು. ಅಲ್ಲಿನ ಪ್ರೌಢಶಾಲೆಯ ಮೊದಲ ವರ್ಷ, ಅಂದರೆ ಒಂಬತ್ತನೇ ತರಗತಿಯಲ್ಲಿ, ಹಳಿ ತಪ್ಪದೆ (ಮುಖ್ಯ ವಿಷಯಗಳಲ್ಲಿ ಹೆಚ್ಚು ಫೇಲಾಗದೆ) ನಡೆದ ಮಕ್ಕಳು ನಾಲ್ಕು ವರ್ಷಗಳಲ್ಲಿ ಶಾಲೆ ಮುಗಿಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಎಂದು ಕಂಡಿತ್ತು. ಸೋಲು ಕೊನೆಯ ವರ್ಷ ಬಯಲಾಗುತ್ತದೆ, ಆದರೆ ಅದು ಶುರುವಾಗುವುದು ಬಹಳ ಹಿಂದೆ.

ಉತ್ತರ 2 | ಗಣಿತ ಶಿಕ್ಷಕಿ

ಮೇಡಂ ಹೇಳಿದ ಆ ಹುಡುಗನಂಥವರು ನನ್ನ ತರಗತಿಯಲ್ಲೂ ಇದ್ದಾರೆ, ಓದಿ ಗಂಟಲು ಕಟ್ಟಿತು. ಪಾಠದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ವಿಶೇಷ ತರಗತಿಯಲ್ಲಿ ನಾವು ಮಾಡುವುದೇನು? ಅದೇ ಪಾಠವನ್ನು ಇನ್ನೊಮ್ಮೆ, ಇನ್ನಷ್ಟು ವೇಗವಾಗಿ ಹೇಳುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಠ್ಯವನ್ನು ಮತ್ತೆ ಓದಿತು, ಇನ್ನೊಂದು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದು. ವಾರ ಕಳೆದು ಕೇಳಿದಾಗ ಬರೆದವರು ಮುಂದಿದ್ದರು. ಅದನ್ನು ತಿಳಿದ ಮೇಲೆ ನಾನು ಪ್ರತಿ ಅವಧಿಯ ಮೊದಲ ಐದು ನಿಮಿಷ ಮೂರು ಪ್ರಶ್ನೆ ಕೊಡುತ್ತೇನೆ: ಒಂದು ನಿನ್ನೆಯದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ಪುಸ್ತಕ ತೆರೆಯುವಂತಿಲ್ಲ, ಅಂಕವೂ ಇಲ್ಲ.

ಅಂಕವಿಲ್ಲ ಎನ್ನುವುದು ಮುಖ್ಯ. ನನ್ನ ಒಬ್ಬ ವಿದ್ಯಾರ್ಥಿನಿಗೆ ಬೀಜಗಣಿತದಲ್ಲಿ ಸದಾ 25ಕ್ಕೆ ಏಳೋ ಎಂಟೋ. ‘ದಡ್ಡಿ’ ಎಂದು ಅವಳೇ ತನಗೆ ಹೆಸರಿಟ್ಟುಕೊಂಡಿದ್ದಳು. ಒಂದು ದಿನ ಅವಳ ನಾಲ್ಕು ಉತ್ತರ ಪತ್ರಿಕೆಗಳನ್ನು ಅಕ್ಕಪಕ್ಕ ಹರವಿ ನೋಡಿದೆ. ಒಂಬತ್ತು ತಪ್ಪುಗಳಲ್ಲಿ ಏಳು ಒಂದೇ ಜಾಗದಲ್ಲಿ: ಆವರಣ ಬಿಡಿಸುವಾಗ ಹೊರಗಿನ ಋಣ ಚಿಹ್ನೆ ಮೊದಲ ಪದಕ್ಕೆ ಮಾತ್ರ ತಗಲುತ್ತಿತ್ತು, ಎರಡನೆಯದಕ್ಕೆ ತಲುಪುತ್ತಲೇ ಇರಲಿಲ್ಲ. ‘ಋಣ ಚಿಹ್ನೆ ಎರಡೂ ಪದಗಳಿಗೆ’ ಎಂದು ಅಂಚಿನಲ್ಲಿ ಬರೆದು, ಅಂಕ ಹಾಕದೆ ಹಿಂತಿರುಗಿಸಿದೆ. ಅಂಕವಿದ್ದರೆ ಮಕ್ಕಳು ಅದನ್ನಷ್ಟೇ ನೋಡುತ್ತಾರೆ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರ ಅಧ್ಯಯನದಲ್ಲಿ ಇದನ್ನೇ ಕಂಡಿದ್ದರು. ಬರೀ ಟಿಪ್ಪಣಿ ಪಡೆದ ಮಕ್ಕಳು ಸುಧಾರಿಸಿದರು, ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ.

ಉತ್ತರ 3 | ಒಬ್ಬ ತಂದೆ

ಶಾಲೆಯಿಂದ ನನಗೆ ಇಲ್ಲಿಯವರೆಗೆ ಆರು ಸಲ ಕರೆ ಬಂದಿದೆ, ಆರೂ ದೂರುಗಳೇ. ‘ನಿಮ್ಮ ಮಗ ವಿಜ್ಞಾನದಲ್ಲಿ ಹಿಂದಿದ್ದಾನೆ’ ಎಂದರೆ ನಾನು ಮನೆಗೆ ಹೋಗಿ ಗದರಿಸಬಲ್ಲೆ, ಅಷ್ಟೆ. ‘ಈ ವಾರ ರಕ್ತ ಪರಿಚಲನೆಯ ಚಿತ್ರ ಬಿಡಿಸಿ ನಿಮಗೆ ವಿವರಿಸಲಿ, ನೀವು ಕೇಳಿಸಿಕೊಳ್ಳಿ’ ಎಂದಿದ್ದರೆ ಖಂಡಿತ ಕೂತು ಕೇಳುತ್ತಿದ್ದೆ. ಯೋಜನೆಯಲ್ಲಿ ಇದಕ್ಕೂ ಒಂದು ಸಾಲು ಇರಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ನಿನ್ನೆ ರಾತ್ರಿ ಒಂಬತ್ತನೇ ತರಗತಿಯ ಹಾಜರಾತಿ ಪುಸ್ತಕ ಮನೆಗೆ ತಂದು, ಮೇಡಂ ಹೇಳಿದಂತೆ ಸಾಲು ಹಿಡಿದು ಓದಿದೆ. 46 ಮಕ್ಕಳಲ್ಲಿ ಎಂಟು ಜನ ಆ ಶೇ. 10ರ ಗೆರೆ ದಾಟಿದ್ದಾರೆ. ಎಂಟರಲ್ಲಿ ಐವರ ಹೆಸರು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ. ಒಬ್ಬಳಂತೂ ನನ್ನ ಪ್ರಯೋಗಾಲಯದ ದಿನಗಳಲ್ಲೇ ಬಂದಿಲ್ಲ. ಕಾರಣ ಗೊತ್ತಿಲ್ಲ, ಸೋಮವಾರ ಅವಳೊಂದಿಗೇ ಕೂತು ಕೇಳುತ್ತೇನೆ. ಯೋಜನೆಯ ಮೊದಲ ಸಾಲನ್ನು ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಮೊದಲ ತಿಂಗಳು ಮುಗಿಯುವುದರೊಳಗೆ, ಪ್ರತಿಯೊಂದು ಮಗು ಎಲ್ಲಿ ಎಡವುತ್ತಿದೆ ಎಂಬುದು ಕನಿಷ್ಠ ಒಬ್ಬ ಶಿಕ್ಷಕರಿಗೆ ತಿಳಿದಿರಬೇಕು.’ ಇದರಲ್ಲಿ ತಿದ್ದುಪಡಿ ಬೇಕಿದ್ದರೆ ಹೇಳಿ, ಶನಿವಾರದ ಶಿಕ್ಷಕರ ಸಭೆಯಲ್ಲಿ ಮಂಡಿಸಬೇಕು.