ಪದ ಬೇಕಿತ್ತು: ರೇಷನ್ ಕಾರ್ಡಿನ ಇ-ಕೆವೈಸಿಗೆ ‘ಅರ್ಹತಾ ನವೀಕರಣ’ ಬೇಡ, ಮತ್ತೇನು?

ಶಿರಾದಿಂದ, ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಬುಧವಾರ ಬೆಳಿಗ್ಗೆ ಹೊತ್ತಿಗೆ ನಮ್ಮೂರ ನ್ಯಾಯಬೆಲೆ ಅಂಗಡಿ ಮುಂದೆ ಒಂದು ಫ್ಲೆಕ್ಸ್ ಕಟ್ಟಬೇಕು. ಮಾಡಿಸುತ್ತಿರುವುದು ನಮ್ಮ ಸ್ತ್ರೀಶಕ್ತಿ ಸಂಘ, ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಾರ್ಡಿನಲ್ಲಿ ಹೆಸರಿರುವ ಪ್ರತಿಯೊಬ್ಬರೂ ಬಂದು, ಮಷೀನಿಗೆ ಬೆರಳು ಒತ್ತಿ ಇ-ಕೆವೈಸಿ ಮಾಡಿಸಬೇಕು, ಮಾಡಿಸದವರ ಪಾಲಿನ ಅಕ್ಕಿ ನಿಂತುಹೋಗಬಹುದು. ಹೇಳಬೇಕಾದ್ದು ಇಷ್ಟೇ.

ಹೋದ ಸಲ ‘ಪಡಿತರ ಚೀಟಿ ಅರ್ಹತಾ ನವೀಕರಣ’ ಎಂದು ಬರೆಸಿದ್ದೆವು. ಅದನ್ನು ಓದಿದ ಮೂವರು ಹೊಸ ಕಾರ್ಡೇ ಮಾಡಿಸಬೇಕು ಅಂದುಕೊಂಡು ಪೇಟೆಯ ಒಂದು ಅಂಗಡಿಗೆ ಹೋಗಿ ತಲಾ 300 ರೂಪಾಯಿ ಕೊಟ್ಟು ಬಂದರು. ನಮ್ಮ ಬೀದಿಯ ಅಜ್ಜಿಯೊಬ್ಬರು ಮೊಮ್ಮಗಳ ಕೈಲಿ ಓದಿಸಿಕೊಂಡು, ‘ಅರ್ಹತೆ ನೋಡೋದು ಅಂದ್ರೆ ಅನರ್ಹ ಮಾಡಕ್ಕೇ ಕಣವ್ವ’ ಅಂತ ಅಂಗಡಿ ಕಡೆ ತಲೆಯೇ ಹಾಕಲಿಲ್ಲ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದ ಗಲಾಟೆಯನ್ನು ಟೀವಿಯಲ್ಲಿ ನೋಡಿದವರು ಅವರು. ಹಾಗಾಗಿ ಆ ಎರಡು ಪದವೂ ಬೇಡ. ಮತ್ತೇನು ಬರೆಯಲಿ? ಮೇಲಿನ ದಪ್ಪ ಅಕ್ಷರದ ಸಾಲಿಗೆ ಮೂರ್ನಾಲ್ಕು ಪದ ಸಾಕು.

ಮೈಸೂರಿನಿಂದ, 9:52

‘ನವೀಕರಣ’ ಸಲ್ಲದು. ಅವಧಿ ತೀರಿದ್ದನ್ನು ಮುಂದಕ್ಕೆ ನಡೆಸುವುದು ನವೀಕರಣ: ವಾಹನ ಚಾಲನೆಯ ಪರವಾನಗಿ, ಗ್ರಂಥಾಲಯದ ಸದಸ್ಯತ್ವ. ನಿಮ್ಮ ಕಾರ್ಡನ್ನು ತಿರುಗಿಸಿ ನೋಡಿ, ಮುಗಿಯುವ ದಿನಾಂಕ ಇದೆಯೇ? ಇಲ್ಲದ ಮೇಲೆ ನವೀಕರಿಸುವುದು ಯಾವುದನ್ನು? ‘ಪುನರ್ದೃಢೀಕರಣ’ ಎಂದು ಬರೆಯಿರಿ. ‘ಮರುದೃಢೀಕರಣ’ ಎಂದು ಬರೆಯುವವರಿದ್ದಾರೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ ಅದು, ಬೇಡ.

ಬೆಂಗಳೂರಿನಿಂದ, 10:20

ಅಜ್ಜಿ ಹೆದರಿದ್ದು ಯಾಕೆ ಎಂಬುದು ಇನ್ನೂ ಹೊಳೆಯಲಿಲ್ಲವೇ? ಅವರ ಬಾಯಲ್ಲಿ ಇಲ್ಲದ ಪದ ಹಲಗೆಯ ಮೇಲಿತ್ತು, ಅದಕ್ಕೆ. ‘ಪುನರ್ದ್ರುಡೀಕರಣ’ ಅವರ ನಾಲಿಗೆಯಲ್ಲಿ ಹೊರಳುತ್ತದೆಯೇ? ಅರ್ಹತೆಗೆ ‘ತಕ್ಕಮೆ’, ದ್ರುಡೀಕರಣಕ್ಕೆ ‘ಗಟ್ಟಿಮಾಡಿಕೆ’. ‘ತಕ್ಕಮೆಯ ಮರುಗಟ್ಟಿಮಾಡಿಕೆ’ ಎಂದರೆ ಅರ್ತವೂ ಪೂರ್ತಿ ಬಂತು, ಸಂಸ್ಕ್ರುತದ ಹಂಗೂ ಹೋಯಿತು. ಪಡಿತರ ಚೀಟಿಯನ್ನೂ ‘ಪಡಿಯೋಲೆ’ ಎನ್ನಿ. ಬಳಸುತ್ತ ಹೋದರೆ ರೂಡಿಯಾಗುತ್ತದೆ.

ಮೈಸೂರಿನಿಂದ, 10:31

‘ಮರುಗಟ್ಟಿ’ಯ ಕೊಂಬು ಒಂದು ಮಳೆಗೆ ಅಳಿಸಿದರೆ ‘ಮರಗಟ್ಟಿ’ ಆಗುತ್ತದೆ, ಚಳಿಗೆ ಕೈಕಾಲು ಮರಗಟ್ಟಿದಂತೆ. ಇನ್ನು ‘ತಕ್ಕಮೆ’ಯನ್ನು ಶಿರಾದ ಯಾವ ಅಜ್ಜಿ ಆಡುತ್ತಾರೆ? ತಾವು ಕೂತು ಕಟ್ಟಿದ ಪದವನ್ನು ಜನರ ಬಾಯಿಯ ಪದ ಎನ್ನಬೇಡಿ.

ಬೆಂಗಳೂರಿನಿಂದ, 10:44

ಮರುಮುದ್ರಣ, ಮರುಪ್ರಸಾರ, ಮರುಮವ್ಲ್ಯಮಾಪನ, ಮರುಪರಿಶೀಲನೆ. ಇವೆಲ್ಲ ನೀವು ದಿನಾ ಓದುವ ಪತ್ರಿಕೆಯಲ್ಲೇ ಇವೆ. ಎಲ್ಲವೂ ಅರಿಸಮಾಸ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಬಿರುದುಗಳಿಗೂ ಹಿಂದಿನ ಕವಿಗಳ ಬಳಕೆಗೂ ವಿನಾಯಿತಿ ಕೊಟ್ಟ. ರೇಶನ್ ಕಾರ್ಡಿಗೆ ನೀವು ಕೊಡುವುದಿಲ್ಲ.

ಧಾರವಾಡದಿಂದ, ಮಂಗಳವಾರ ಬೆಳಿಗ್ಗೆ 6:15

ಪಡಿತರಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ಪಡಿಯಚ್ಚಿನೊಳಗಿನ ‘ಪಡಿ’ ಸಂಸ್ಕೃತದ ‘ಪ್ರತಿ’ಯಿಂದ ಬಂದದ್ದು. ಅಕ್ಕಿ ಅಳಿಯೋ ‘ಪಡಿ’ ಬ್ಯಾರೆ, ಅದು ನಮ್ಮದು, ತಮಿಳಿನೊಳಗೂ ಅಳತಿಗೆ ಅದ ಹೆಸರು. ಗುಡಿಯೊಳಗ ದೇವರ ನಿತ್ಯದ ಅಕ್ಕಿ, ಎಣ್ಣಿಗೆ ಗೊತ್ತು ಮಾಡಿದ ಕಟ್ಟಳೆಗೂ ಪಡಿತರ ಅಂತಾರ. ರೇಷನ್ ಬರೂಕಿಂತ ಎಷ್ಟೋ ಹಿಂದಿನ ಮಾತು ಅದು.

ಗುಡಿ ಅಂದಕೂಡಲೆ ನನಗ ನೆನಪಾಗೋದು ‘ತಸ್ತೀಕು’. ಮುಜರಾಯಿ ಗುಡಿಗೆ ಸರಕಾರ ವರ್ಷಾ ಕೊಡೋ ರೊಕ್ಕಕ್ಕ ಹಂಗಂತೀವಿ. ಮೂಲ ಅರಬಿಯ ‘ತಸ್ದೀಕ್’. ಅದರ ಅರ್ಥ ಏನು ಗೊತ್ತದ ಏನ್ರಿ? ಖರೇ ಅಂತ ದೃಢಪಡಿಸೋದು! ಹಿಂದಿ, ಉರ್ದುವಿನೊಳಗ ಇವತ್ತಿಗೂ ಅದ ಅರ್ಥ. ತಪಾಸಿನ ಹೆಸರು ನಮ್ಮಲ್ಲಿ ರೊಕ್ಕಕ್ಕ ಅಂಟಿಕೊಂಡು ನಿಂತುಬಿಡ್ತು. ಅಂದ್ರ ಈ ಕೆಲಸಕ್ಕ ಬೇಕಾದ ಪದ ಕನ್ನಡದೊಳಗ ಆಗಲೇ ಬಂದು ಮುಜರಾಯಿ ಕಡತದಾಗ ಕೂತದ. ‘ಪಡಿ ತಸ್ತೀಕು’ ಅನ್ನಬಹುದು. ಇದಕ್ಕಿಂತ ಒಪ್ಪೋ ಪದ ಸಿಗಂಗಿಲ್ಲ.

ಬೆಂಗಳೂರಿನಿಂದ, 6:40

ಸಂಸ್ಕ್ರುತ ಬೇಡ ಎಂದರೆ ಅರಬಿ ತರುತ್ತೀರಿ.

ಧಾರವಾಡದಿಂದ, 6:48

ರದ್ದು, ಜಾರಿ, ಅರ್ಜಿ ಎಲ್ಲಾ ಆ ಕಡೆಯಿಂದ ಬಂದಾವು. ಇವನ್ನ ಬಿಟ್ಟು ತಾಲೂಕು ಕಚೇರಿಗೆ ಒಂದು ಕಾಗದ ಬರದು ತೋರಸ್ರಿ, ಆಮ್ಯಾಲ ಮಾತಾಡೋಣು.

ಸ್ಯಾನ್ ಹೋಸೆಯಿಂದ (ಇಲ್ಲಿ ಇನ್ನೂ ಸೋಮವಾರ ಸಂಜೆ)

ಪದಕ್ಕೆ ಮೊದಲು ಕೆಲಸ ಯಾವುದು ಎಂದು ತೀರ್ಮಾನವಾಗಲಿ. ಇಲ್ಲಿನ ವಯಸ್ಸಾದ ಕನ್ನಡಿಗರಿಗೆ ಅರ್ಜಿ ತುಂಬಿಸಲು ನೆರವಾಗುತ್ತೇನೆ, ಅದರ ಅನುಭವದಿಂದ ಹೇಳುತ್ತಿದ್ದೇನೆ. ಬಡವರಿಗೆ ಆಹಾರ ಕೊಳ್ಳಲು ನೆರವು ಕೊಡುವ ಅಮೆರಿಕದ ಸ್ನ್ಯಾಪ್ ಯೋಜನೆಗೆ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಫ್ರೆಶ್ ಎಂದು ಹೆಸರು. ಒಮ್ಮೆ ಮಂಜೂರಾದರೆ ಸಾಮಾನ್ಯವಾಗಿ 12 ತಿಂಗಳು, ಹೆಚ್ಚಿನ ಮನೆಗಳು ನಡುವೆ ಆರು ತಿಂಗಳಿಗೊಂದು ವರದಿ ಕೊಡಬೇಕು. ಅವಧಿ ಮುಗಿಯುವ ಮೊದಲು ಮತ್ತೆ ಅರ್ಜಿ, ಸಂದರ್ಶನ, ಆದಾಯದ ದಾಖಲೆ. ತಪ್ಪಿದರೆ ನೆರವು ನಿಲ್ಲುತ್ತದೆ. ಅದಕ್ಕೆ ನಾನು ‘ಅರ್ಹತಾ ನವೀಕರಣ’ ಎಂದೇ ಬರೆಯುತ್ತೇನೆ. ಅವಧಿಯೂ ಉಂಟು, ಅರ್ಹತೆಯ ತೂಕವೂ ಉಂಟು, ಎರಡು ಪದವೂ ಸರಿ. ಶಿರಾದ ಅಂಗಡಿಯಲ್ಲಿ ಯಾರಾದರೂ ಆದಾಯ ಕೇಳುತ್ತಿದ್ದಾರೆಯೇ? ಕೇಳುತ್ತಿಲ್ಲವಾದರೆ ಅದು ಅರ್ಹತೆಯ ಮಾತೇ ಅಲ್ಲ.

ಗಂಗಾವತಿಯಿಂದ, ಮಂಗಳವಾರ 11:05

ಹನ್ನೊಂದು ವರ್ಷ ರೇಷನ್ ಅಂಗಡಿ ನಡೆಸಿದವ ನಾನು. ಸ್ಯಾನ್ ಹೋಸೆಯವರು ಕೇಳಿದ್ದೇ ಕೇಳಬೇಕಾದ ಪ್ರಶ್ನೆ. ಇ-ಕೆವೈಸಿಯೊಳಗ ಆದಾಯ ಕೇಳಂಗಿಲ್ಲ. ಆಧಾರ್‌ನಾಗ ಇರೋ ಮನುಷ್ಯಾ, ಕಾರ್ಡಿನಾಗ ಇರೋ ಮನುಷ್ಯಾ ಒಬ್ಬನ ಹೌದಲ್ಲೋ ಅಂತ ಮಷೀನ್ ನೋಡ್ತದ, ಅಷ್ಟ. ವರ್ಷದ ಆದಾಯ 1.20 ಲಕ್ಷ ದಾಟೇತೋ ಇಲ್ಲೋ ಅನ್ನೋದು ಇಲಾಖೆ ಮಾಡೋ ಬ್ಯಾರೆ ತಪಾಸಣಿ. ಬೋರ್ಡಿನ ಮ್ಯಾಲ ‘ಅರ್ಹತೆ’ ಬರದ್ರ ಇಲ್ಲದ ಭಯ ಹುಟ್ಟಿಸಿದಂಗ.

ಆದ್ರ ಮೈಸೂರಿನ ಸರ್, ‘ಅವಧಿ ಇಲ್ಲ’ ಅನ್ನೋ ನಿಮ್ಮ ಮಾತು ಈಗ ಪೂರ್ತಿ ನಿಲ್ಲಂಗಿಲ್ಲ. 2025ರ ಜುಲೈನಾಗ ಕೇಂದ್ರ ಸರಕಾರ ಪಡಿತರ ನಿಯಂತ್ರಣ ಆದೇಶ ತಿದ್ದೇತಿ. ಐದು ವರ್ಷಕ್ಕೊಮ್ಮೆ ಎಲ್ಲಾರೂ ಇ-ಕೆವೈಸಿ ಮಾಡಸ್ಬೇಕು. ಆರು ತಿಂಗಳು ರೇಷನ್ ಎತ್ತದಿದ್ರ ಕಾರ್ಡು ತಾತ್ಕಾಲಿಕವಾಗಿ ನಿಲ್ತದ. ಕಾರ್ಡಿಗೆ ಮುಗಿಯೋ ತಾರೀಖು ಇಲ್ಲ, ಗುರುತಿಗೆ ಬಂದೇತಿ. ಹಂಗಾಗಿ ‘ಮರು’ ಬೇಕಾಗ್ತದ, ‘ನವ’ ಬ್ಯಾಡ.

ನಮ್ಮ ಮಂದಿ ಇದಕ್ಕ ‘ತಂಬ್ ಕೊಡೋದು’ ಅಂತಾರ. ನಾಟಿ ಹಚ್ಚೋ ಹಂಗಾಮಿನಾಗ ಗದ್ದಿ ನೀರಾಗ ಕೈ ಇಟ್ಟು ಇಟ್ಟು ಹೆಂಗಸರ ಬೆರಳ ತುದಿ ನುಣ್ಣಗಾಗಿರ್ತದ, ಗೆರಿ ಹತ್ತಂಗಿಲ್ಲ. ಒಬ್ಬಾಕಿ ಸೆರಗಿಗೆ ಒರಸಿ ಒರಸಿ ಹೆಬ್ಬೆಟ್ಟು ಒತ್ತಿದ್ಳು, ಕೆಂಪು. ತೋರಬೆರಳು, ಕೆಂಪು. ಹಿಂದ ಹನ್ನೆರಡು ಮಂದಿ ಪಾಳಿ. ಕಡೀಕ ಎಡಗೈ ಉಂಗುರಬೆರಳಿಗೆ ಹಸಿರು ಬಂತು. ಆಕಿ ಆ ಬೆರಳನ್ನ ಇನ್ನೊಂದು ಕೈಯಾಗ ಹಿಡಕೊಂಡ ಮನಿಗೆ ಹೋದ್ಳು. ಅಂಥವರಿಗೆ ‘ಪುನರ್ದೃಢೀಕರಣ’ ಓದಸ್ತೀರಾ?

ಮೈಸೂರಿನಿಂದ, 11:30

ಆದೇಶದ ವಿಷಯ ತಿಳಿಸಿದ್ದಕ್ಕೆ ಉಪಕಾರ, ‘ಅವಧಿ ಇಲ್ಲ’ ಎಂದ ನನ್ನ ಮಾತನ್ನು ಅಷ್ಟರ ಮಟ್ಟಿಗೆ ತಿದ್ದಿಕೊಳ್ಳುತ್ತೇನೆ. ‘ತಂಬ್’ ಮಾತ್ರ ಒಪ್ಪಲಾರೆ. ‘ಹೆಬ್ಬೆಟ್ಟು’ ಎಂಬ ಚೊಕ್ಕ ಪದವಿದೆ. ಹಿರಿದು ಮತ್ತು ಬೆಟ್ಟು ಸೇರಿ ಆದದ್ದು. ‘ಬೆಟ್ಟು ಮಾಡಿ ತೋರಿಸು’ ಎನ್ನುವಲ್ಲಿರುವ ಬೆಟ್ಟೇ ಅದು. ‘ಹೆಬ್ಬೆಟ್ಟು ಒತ್ತಿ’ ಎಂದು ಬರೆಯಿರಿ.

ಮಂಗಳೂರಿನಿಂದ, 11:58

ಹೆಬ್ಬೆಟ್ಟು ಬೇಡ ಸರ್. ಓದು ಬಾರದವರನ್ನು ‘ಹೆಬ್ಬೆಟ್ಟಿನವರು’ ಎಂದು ಕರೆದು ಕರೆದು ಆ ಪದಕ್ಕೆ ಕರೆ ಹಿಡಿದಿದೆ. ನನ್ನ ಅಮ್ಮ ಐವತ್ತು ದಾಟಿದ ಮೇಲೆ ಸಹಿ ಕಲಿತದ್ದು ಆ ಒಂದು ಪದದಿಂದ ತಪ್ಪಿಸಿಕೊಳ್ಳಲಿಕ್ಕೆ. ಸಹಿ ಬರುವ ಹೆಂಗಸಿಗೆ ಹಲಗೆಯ ಮೇಲೆ ಹೆಬ್ಬೆಟ್ಟು ಒತ್ತು ಎಂದು ಬರೆದರೆ ಏನನ್ನಿಸುತ್ತದೆ, ಯೋಚಿಸಿ. ‘ಬೆರಳಚ್ಚು’ ಎಂದರೆ ಟೈಪಿಂಗ್ ನೆನಪಾಗುವುದು. ‘ಬೆರಳ ಗುರುತು’ ಸಾಕು.

ಇನ್ನೊಂದು ಮಾತು. ಕೆವೈಸಿ ಬ್ಯಾಂಕಿನವರು ತಮ್ಮ ಗಿರಾಕಿ ಯಾರೆಂದು ತಿಳಿಯಲು ಕಟ್ಟಿದ ಮಾತು. ರೇಷನ್ ತೆಗೆದುಕೊಳ್ಳುವವರು ಯಾರ ಗಿರಾಕಿ? ‘ಫಲಾನುಭವಿ’ಯೂ ನನಗೆ ಒಪ್ಪಿಗೆಯಿಲ್ಲ, ಯಾರೋ ನೆಟ್ಟ ಮರದ ಹಣ್ಣು ತಿಂದವರ ಹಾಗೆ ಕೇಳುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಇದು ಹಕ್ಕು. ಆದ್ಯತಾ ಕುಟುಂಬವಾದರೆ ತಲೆಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯವಾದರೆ ಮನೆಗೆ 35 ಕೆಜಿ. ಶಿರಾದವರೇ, ನೀವು ಮೊದಲ ಪತ್ರದಲ್ಲೇ ‘ಪಾಲಿನ ಅಕ್ಕಿ’ ಎಂದು ಬರೆದಿದ್ದೀರಿ. ನಿನ್ನೆಯಿಂದ ಯಾರೂ ಅದರತ್ತ ನೋಡಲಿಲ್ಲ. ‘ಪಾಲು’ ಎಂದರೆ ತನಗೆ ಸಲ್ಲಬೇಕಾದ್ದು. ಮನೆಯಲ್ಲಿ ಅಣ್ಣತಮ್ಮಂದಿರು ಪಾಲು ಕೇಳುವಾಗ ಯಾರೂ ಕೈಚಾಚಿ ಬೇಡುವುದಿಲ್ಲ.

ಬೆಂಗಳೂರಿನಿಂದ, 12:10

‘ಪಾಲು’, ‘ಬೆರಳು’, ‘ಗುರುತು’. ಇದಕ್ಕೆ ನನ್ನ ತಕರಾರಿಲ್ಲ.

ಧಾರವಾಡದಿಂದ, 12:22

‘ತಕರಾರು’ ಅರಬಿ. ಪಾಲು ಛಲೋ ಅದ. ತಸ್ತೀಕಿನ ಮಾತು ಬ್ಯಾರೆ ಪತ್ರದಾಗ ಮುಂದುವರಸ್ತೀನಿ, ಅದನ್ನ ಬಿಡಂಗಿಲ್ಲ.

ಶಿರಾದಿಂದ, ಮಂಗಳವಾರ ಸಂಜೆ 5:30

ಎಲ್ಲರಿಗೂ ಉಪಕಾರವಾಯಿತು. ಮಂಗಳೂರಿನ ಅಕ್ಕನಿಗೆ ಹೆಚ್ಚಾಗಿ. ಫ್ಲೆಕ್ಸಿಗೆ ಕೊಟ್ಟಿದ್ದು ಹೀಗಿದೆ:

ನಿಮ್ಮ ಪಾಲಿನ ಅಕ್ಕಿಗೆ ನಿಮ್ಮ ಬೆರಳ ಗುರುತು ಕೊಡಿ
ರೇಷನ್ ಕಾರ್ಡಿನಲ್ಲಿ ಹೆಸರಿರುವ ಪ್ರತಿಯೊಬ್ಬರೂ ಬರಬೇಕು (ಕೆವೈಸಿ)
ಹೊಸ ಕಾರ್ಡು ಮಾಡಿಸಬೇಕಿಲ್ಲ. ಯಾರಿಗೂ ದುಡ್ಡು ಕೊಡಬೇಡಿ
ಬೇರೆ ಊರಲ್ಲಿ ದುಡಿಯುವವರು ಅಲ್ಲಿಯ ರೇಷನ್ ಅಂಗಡಿಯಲ್ಲೇ ಕೊಡಬಹುದು

‘ಕೆವೈಸಿ’ಯನ್ನು ಸಣ್ಣ ಅಕ್ಷರದಲ್ಲಿ ಉಳಿಸಿಕೊಂಡೆ. ಅಂಗಡಿಯಲ್ಲಿ ಆ ಪದವೇ ಕಿವಿಗೆ ಬೀಳುವುದು, ಇದೂ ಅದೂ ಒಂದೇ ಎಂದು ಜನಕ್ಕೆ ಗೊತ್ತಾಗಬೇಕು. ‘ಮರು’ ಬಿಟ್ಟೆ, ಐದು ವರ್ಷದ ಮೇಲೆ ಬರೆಯುವ ಫ್ಲೆಕ್ಸಿಗೆ ಇರಲಿ.

ಪ್ರಿಂಟಿಗೆ ಕೊಡುವ ಮೊದಲು ಅಜ್ಜಿಯ ಮನೆಗೆ ಹೋಗಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಎರಡೂ ಕೈ ಮುಂದೆ ಚಾಚಿ, ‘ಯಾವ ಬೆಳ್ಳವ್ವ?’ ಅಂದರು. ಹುಣಸೆಹಣ್ಣು ಕುಟ್ಟಿ ಕುಟ್ಟಿ ಸವೆದ ಬೆರಳುಗಳು. ಗಂಗಾವತಿಯವರು ಬರೆದದ್ದು ನೆನಪಾಗಿ, ರೇಷನ್ ಅಂಗಡಿಗೆ ಫೋನ್ ಮಾಡಿ ಕೇಳಿಕೊಂಡು, ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ‘ಯಾವ ಬೆರಳಾದರೂ ಸರಿ.’