ಪದಚರ್ಚೆ: ಹಕ್ಕಿ ಫೋಟೊದವರ 'ಹೈಡ್', 'ಬೆದರುವ ದೂರ', ಇನ್ನೊಂದು ಹೆಸರಿಲ್ಲದ ಹೊತ್ತು

ಎಲ್ಲರಿಗೂ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮೀಡಿಯಂ ಮಕ್ಕಳಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹಕ್ಕಿಗೆ ತೊಂದರೆ ಕೊಡದೆ ಹತ್ತಿರ ಹೋಗಿ ಫೋಟೊ ತೆಗೆಯುವುದು ಹೇಗೆ ಅನ್ನುವುದು ವಿಷಯ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲು 'ಹೈಡ್'. ಒಳಗೆ ಕೂತು ಕಿಂಡಿಯಿಂದ ಲೆನ್ಸ್ ಇಟ್ಟು ಕಾಯುವ ಗೂಡು. ಇದಕ್ಕೆ 'ಅಡಗುತಾಣ' ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಪೇಪರ್ ಓದುವವರಿಗೆ ಅಡಗುತಾಣ ಅಂದರೆ ಪೊಲೀಸರು ದಾಳಿ ಮಾಡುವ ಜಾಗ, ಅಲ್ವಾ? 'ಹೊಂಚು' ಇನ್ನೂ ಕಷ್ಟ. ಹೊಂಚು ಹಾಕುವವನ ಮನಸ್ಸಲ್ಲಿ ಕೇಡಿರುತ್ತದೆ. ಮಲೆನಾಡಿನ ಬೇಟೆಯ ಮಾತಲ್ಲಿ 'ಮರಸು ಕೂರುವುದು' ಅಂತ ಇದೆ. ಪ್ರಾಣಿ ಬರುವ ಜಾಗದಲ್ಲಿ ಸದ್ದಿಲ್ಲದೆ ಕಾದು ಕೂರುವುದು. ಚೆಂದದ ಪದ. ಆದರೆ ಕೋವಿಯ ನೆನಪು ಬಿಡುವುದಿಲ್ಲ, ನಮ್ಮ ಮಕ್ಕಳು ಕೇಳಿದ್ದೂ ಅಲ್ಲ.

ಸುಮ್ನೆ 'ಮರೆ' ಅಂದರೆ ಸಾಕು ಅಂತ ನನ್ನ ಅನಿಸಿಕೆ. ಹೆಣೆದ ಮಡಲು (ತೆಂಗಿನ ಗರಿ) ಕಟ್ಟಿ ಮರೆ ಮಾಡುವುದು ಇಲ್ಲಿ ಯಾರಿಗೆ ಗೊತ್ತಿಲ್ಲ? ಹಕ್ಕಿಯ ಮರೆಗೂ ಮಡಲೇ ಒಳ್ಳೆಯದು, ಬಟ್ಟೆಯ ಹಾಗೆ ಗಾಳಿಗೆ ಪಟಪಟ ಅನ್ನುವುದಿಲ್ಲ. ಅದನ್ನು ಒಂದೇ ದಿನ ಪೂರ್ತಿ ನಿಲ್ಲಿಸಬಾರದು. ಇವತ್ತು ಕೋಲು, ನಾಳೆ ಒಂದು ಬದಿಯ ಮಡಲು, ಹೀಗೆ. ಹಕ್ಕಿ ನೋಡಿ ನೋಡಿ ಅದನ್ನು ಲೆಕ್ಕಕ್ಕೆ ಇಡದಂತಾಗಬೇಕು. ಇದಕ್ಕೆ 'ಪಳಗು' ಸರಿಯಲ್ಲ. ಪಳಗುವುದು ಆನೆ, ಮನುಷ್ಯ ಹೇಳಿದಂತೆ ಕೇಳುವುದಕ್ಕೆ. ಇಲ್ಲಿ ಹಕ್ಕಿ ಹಕ್ಕಿಯಾಗಿಯೇ ಇರುತ್ತದೆ. 'ಒಗ್ಗು' ಅಥವಾ 'ಬಳಕೆ ಆಗು' ಸಾಕು.

ಇನ್ನು, ಎಷ್ಟು ಹತ್ತಿರ ಹೋದರೆ ಹಕ್ಕಿ ಏಳುತ್ತದೋ ಆ ಅಂತರಕ್ಕೆ 'ಬೆದರುವ ದೂರ' ಅಂತ ಬರೆದಿದ್ದೇನೆ. 'ಹೆದರುವ' ಅಂತ ಬರೆಯಲಿಲ್ಲ. ಹೆದರಿಕೆ ಒಳಗೇ ಇರಬಹುದು. ಎತ್ತು ಬೆದರಿತು ಅಂದರೆ ಅದು ಕಿತ್ತುಕೊಂಡು ಓಡಿತು ಅಂತಲೇ ಅರ್ಥ.

ನನಗೆ ನಿಜವಾಗಿ ಪದ ಸಿಗದೆ ಇರುವುದು ಬೆದರುವುದಕ್ಕೆ ಮೊದಲಿನ ಹೊತ್ತಿಗೆ. ನಮ್ಮ ಪದವಿನ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲಿನ, ಟಿಟ್ಟಿಭ ಹಕ್ಕಿಯನ್ನೇ (ಲ್ಯಾಪ್‌ವಿಂಗ್) ನೋಡಿ. ಮುರಕಲ್ಲಿನ ಚೂರುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೈತುಂಬ ಕಪ್ಪು ಮಚ್ಚೆ, ಕಾಲ ಹತ್ತಿರ ಇದ್ದರೂ ಕಾಣುವುದಿಲ್ಲ. ಎಪ್ರಿಲ್ ಬಿಸಿಲಿಗೆ ಕಲ್ಲು ಕಾದಿರುತ್ತದೆ. ಹಕ್ಕಿ ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುವುದೂ ಉಂಟು. ಮನುಷ್ಯರು ಹತ್ತಿರ ಬಂದರೆ ಎದ್ದು ತಲೆಯ ಮೇಲೆ ಸುತ್ತುತ್ತಾ ಕೂಗುತ್ತದೆ. ಅಷ್ಟು ಹೊತ್ತೂ ಮೊಟ್ಟೆ ಬಿಸಿಲಲ್ಲಿ. ರೆಕ್ಕೆ ಬಿಚ್ಚಿ ಕೂಗುವ ಆ ಫೋಟೊಗೆ ಲೈಕ್ ಜಾಸ್ತಿ ಬೀಳುತ್ತದೆ. ನನಗೆ ಅದನ್ನು ನೋಡಿದರೆ ಸಂಕಟ ಆಗುತ್ತದೆ.

ಆದರೆ ಏಳುವ ಮೊದಲು ಅದು ಸೂಚನೆ ಕೊಡುತ್ತದೆ. ಮೇಯುವುದು ನಿಲ್ಲಿಸುತ್ತದೆ. ಕತ್ತು ನಿಮಿರಿಸುತ್ತದೆ. ತಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಆಗಲೇ ನಿಲ್ಲಬೇಕು, ಬೇಕಾದರೆ ಕೂತುಬಿಡಬೇಕು. ಅದು ಮತ್ತೆ ಮೇಯಲು ಶುರು ಮಾಡಿದ ಮೇಲೆ, ನೇರವಾಗಿ ಅಲ್ಲ, ಓರೆಯಾಗಿ ಒಂದೆರಡು ಹೆಜ್ಜೆ. ಮೊಟ್ಟೆ ಇದೆ ಅಂತ ಗೊತ್ತಾದರೆ ಅದೂ ಬೇಡ, ಬಂದ ದಾರಿಯಲ್ಲೇ ವಾಪಸ್.

ಮಕ್ಕಳಿಗೆ ಕಲಿಸಬೇಕಾದ್ದರಲ್ಲಿ ಇದೇ ಮುಖ್ಯ. ಆ ಸ್ಥಿತಿಗೆ 'ಎಚ್ಚರ' ಅಂದರೆ ತೀರಾ ಸಪ್ಪೆ. 'ಗಾಬರಿ' ಅಂದರೆ ಜಾಸ್ತಿ ಆಯಿತು. ದನ ಮೇಯಿಸುವವರು, ಗದ್ದೆ ಕಾಯುವವರು ಹೇಳುವ ಒಂದು ಮಾತು ಇರಲೇಬೇಕು. ಹವ್ಯಕದಲ್ಲಿ, ಕೋಟ ಕನ್ನಡದಲ್ಲಿ, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮಾತಿನಲ್ಲಿ ಏನಾದರೂ ಇದೆಯೇ? ಗೊತ್ತಿದ್ದವರು ಯಾವ ಊರಲ್ಲಿ, ಯಾವ ಪ್ರಾಣಿಗೆ ಹೇಳುತ್ತಾರೆ ಅನ್ನುವುದನ್ನೂ ಸೇರಿಸಿ ಬರೆಯಿರಿ.